ಮಗಳಿಗೊಂದು ಪತ್ರ: ಕೋವಿಗಿಂತ ಮೊದಲು ಮಾಂಸದ ಲೆಕ್ಕ

ಆಂಕರೇಜ್, ಜೂನ್ 14

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಸೆಪ್ಟೆಂಬರಿನಲ್ಲಿ ನೀವು ಮೂವರು ಗೆಳತಿಯರು ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಅಲಾಸ್ಕಾ ಪರ್ವತಶ್ರೇಣಿಯ ಆಚೆಗಿನ ಕೆರೆಯೊಂದಕ್ಕೆ ಹೋಗಿ, ಹತ್ತು ದಿನ ಬಿಡಾರ ಹೂಡಿ ಮೂಸ್ ಎಂಬ ದೈತ್ಯ ಜಿಂಕೆಯನ್ನು ಬೇಟೆಯಾಡುವ ಯೋಜನೆಯನ್ನು ಎರಡು ಸಲ ಓದಿದೆ. ಕೋವಿ, ತೋಟಾ, ದುರ್ಬೀನುಗಳ ವಿಚಾರಕ್ಕೆ ಒಂದು ಪುಟವೇ ತುಂಬಿದೆ. ಮಾಂಸದ ಬಗ್ಗೆ ಇರುವುದು ‘ಚೀಲಗಳು’ ಎಂಬ ಒಂದೇ ಪದ. ಈ ಯೋಜನೆಯನ್ನು ನೀನು ಬುಡಮೇಲು ಮಾಡಿ ಬರೆಯಬೇಕು. ಹೊಡೆದ ಪ್ರಾಣಿ ಕೆರೆಯ ದಡಕ್ಕೆ ಹೇಗೆ ಬರುತ್ತದೆ, ದಡದಿಂದ ಊರಿಗೆ ಎಷ್ಟು ಸುತ್ತಿನಲ್ಲಿ ಬರುತ್ತದೆ ಎಂಬುದನ್ನು ಮೊದಲು ಬರೆ, ಕೋವಿಯ ಮಾತು ಆಮೇಲಾಗಲಿ.

ದೊಡ್ಡ ಗಂಡು ಮೂಸ್ 1,200ರಿಂದ 1,600 ಪೌಂಡ್ ತೂಗುತ್ತದೆ. ಕರುಳು, ಚರ್ಮ, ಎಲುಬು ಕಳೆದ ಮೇಲೂ ಸುಮಾರು 500 ಪೌಂಡ್ ಮಾಂಸ ಉಳಿಯುತ್ತದೆ, ಅಂದರೆ ನಮ್ಮೂರ ಲೆಕ್ಕದಲ್ಲಿ ಎರಡು ಕ್ವಿಂಟಲಿಗೂ ಮಿಕ್ಕಿ. ಒಬ್ಬೊಬ್ಬರು ಒಂದು ಸಲಕ್ಕೆ 70 ಪೌಂಡ್ ಹೊತ್ತರೂ ಏಳು ಹೊರೆಗೂ ಮಿಕ್ಕಿತು. ನೀವು ಹೋಗುವ ಪ್ರದೇಶದಲ್ಲಿ ತೊಡೆ ಮತ್ತು ಪಕ್ಕೆಯ ಮಾಂಸವನ್ನು ಎಲುಬಿನಿಂದ ಬಿಡಿಸದೆ ತರಬೇಕೆಂಬ ನಿಯಮವಿದ್ದರೆ ಒಂದು ಹಿಂದೊಡೆಯೇ ನೂರು ಪೌಂಡ್ ಮೀರುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ನೀನು ಇನ್ನೂ ಶಾಲೆಯಲ್ಲಿದ್ದಾಗ, ಒಂದು ಸಂಜೆ ಬೆಳಕು ಇಳಿಯುವ ಹೊತ್ತಿನಲ್ಲಿ, ಕೆರೆಯಿಂದ ಒಂದೂವರೆ ಮೈಲಿ ಆಚೆ ಜೌಗಿನ ಅಂಚಿನಲ್ಲಿ ನಿಂತಿದ್ದ ಗಂಡು ಮೂಸ್‌ಗೆ ಆಸೆಪಟ್ಟು ಈಡು ಹೊಡೆದೆ. ಈಡೇನೋ ತಪ್ಪಲಿಲ್ಲ, ತಪ್ಪಿದ್ದು ನನ್ನ ಬುದ್ಧಿ. ಆ ಜೌಗಿನಲ್ಲಿ ಹುಲ್ಲಿನ ಗುಪ್ಪೆಗಳು ಮಂಡಿಯೆತ್ತರಕ್ಕೆ ಎದ್ದಿರುತ್ತವೆ. ಗುಪ್ಪೆಯ ಮೇಲೆ ಕಾಲಿಟ್ಟರೆ ಅದು ಹೊರಳುತ್ತದೆ, ನಡುವೆ ಇಟ್ಟರೆ ಬೂಟು ಮುಳುಗುತ್ತದೆ. ಇಬ್ಬರು ಎರಡು ದಿನ ಹೊತ್ತೆವು. ಕೊನೆಯ ಹೊರೆಗೆಂದು ಮರಳುವಾಗ ಕರುಳು ಬಿಟ್ಟ ಜಾಗದ ಮೇಲೆ ಆಗಲೇ ಕಂದು ಕರಡಿಯೊಂದು ಮಣ್ಣು, ಪಾಚಿ ಎಳೆದು ಮುಚ್ಚಿ ಅದರ ಪಕ್ಕದಲ್ಲೇ ಮಲಗಿತ್ತು. ನಾವು ದೂರದಲ್ಲೇ ನಿಂತು, ಸದ್ದು ಮಾಡದೆ ಹಿಂದೆ ಸರಿದೆವು. ಅಂದಿನಿಂದ ನಾನು ಪಾಲಿಸಿಕೊಂಡು ಬಂದ ನಿಯಮವನ್ನು ನೀನೂ ಪಾಲಿಸು: ದಡದಿಂದ ಅರ್ಧ ಮೈಲಿಗಿಂತ ದೂರದ ಪ್ರಾಣಿ ಎಷ್ಟೇ ಚೆನ್ನಾಗಿರಲಿ, ಅದು ನಿನ್ನದಲ್ಲ. ಸಂಜೆ ತಡವಾಗಿ ಕಂಡದ್ದೂ ನಿನ್ನದಲ್ಲ.

ಹೊಡೆದ ಮೇಲೆ ಮಾಂಸ ಕೆಡಿಸುವುದು ಮೊದಲು ಅದರೊಳಗಿನ ಬಿಸಿ, ಆಮೇಲೆ ತೇವ ಮತ್ತು ನೊಣ. ತಡಮಾಡದೆ ಚರ್ಮ ಬಿಡಿಸಿ, ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ತುಂಬಿ, ಟಾರ್ಪಾಲಿನ ನೆರಳಿನಲ್ಲಿ ಅಡ್ಡಗೋಲಿಗೆ ತೂಗುಹಾಕಿದರೆ ಮೇಲೆ ತೆಳುವಾದ ಒಣಪದರ ಕಟ್ಟಿಕೊಳ್ಳುತ್ತದೆ. ಆ ಪದರವೇ ಒಳಗಿನ ಮಾಂಸವನ್ನು ಕಾಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವತು ಹಳಸುತ್ತದೆ. ಈ ತೂಗುಗೋಲು ಡೇರೆಯಿಂದ ಕನಿಷ್ಠ ನೂರು ಗಜ ದೂರವಿರಲಿ, ಡೇರೆಯಿಂದ ಕಣ್ಣಿಗೆ ಕಾಣುವಂತೆಯೂ ಇರಲಿ.

ಇನ್ನು ವಿಮಾನದ ವಿಚಾರ. ಇಲ್ಲಿನ ನೀರುವಿಮಾನಗಳ ನಿಲ್ದಾಣವಾದ ಲೇಕ್ ಹುಡ್‌ನಿಂದ ನಿಮ್ಮನ್ನು ಕೊಂಡೊಯ್ಯುವುದು ಬೀವರ್ ಎಂದು ಬರೆದಿದ್ದೀಯ. 1947ರಲ್ಲಿ ಮೊದಲು ಹಾರಿದ ಆ ವಿಮಾನದ ತಯಾರಿಕೆ 1967ರಲ್ಲೇ ನಿಂತಿದೆ, ಹಾಗಾಗಿ ನೀವು ಕೂರುವ ವಿಮಾನ ನನ್ನ ಓರಗೆಯದು, ಇಲ್ಲವೇ ನನಗಿಂತ ಹಿರಿಯದು. ಅದಕ್ಕಾಗಿ ಹೆದರಬೇಕಿಲ್ಲ, ತೂಕಕ್ಕೆ ಮಾತ್ರ ಹೆದರಬೇಕು. ಪೈಲಟ್ ಸಾಮಾನನ್ನಷ್ಟೇ ಅಲ್ಲ, ನಿಮ್ಮನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತಾನೆ. ಗಟ್ಟಿ ಪೆಟ್ಟಿಗೆಗಳು ಬೇಡ, ಮೂಲೆಗೆ ತುರುಕಬಹುದಾದ ಮೆತ್ತನೆಯ ಚೀಲಗಳು ಸಾಕು. ಕರಡಿಗೆ ಸಿಂಪಡಿಸುವ ಖಾರದ ಸ್ಪ್ರೇಯನ್ನು ಒಳಗೆ ಇಟ್ಟುಕೊಳ್ಳಲು ಬಿಡುವುದಿಲ್ಲ. ಅದು ಹಾರುವಾಗ ಸೋರಿದರೆ ಪೈಲಟ್‌ಗೇ ಕಣ್ಣು ಕಾಣದಂತಾಗುತ್ತದೆ, ಆದ್ದರಿಂದ ಅದನ್ನು ವಿಮಾನವನ್ನು ನೀರಿನ ಮೇಲೆ ತೇಲಿಸುವ ತೇಲುಗಾಲಿನೊಳಗಿನ ಗೂಡಿನಲ್ಲಿಡುತ್ತಾರೆ. ಹಿಂದಿರುಗುವಾಗ ಮಾಂಸಕ್ಕೆಂದೇ ಪ್ರತ್ಯೇಕ ಸುತ್ತು ಬೇಕಾಗುತ್ತದೆ, ಅದರ ದರವನ್ನು ಈಗಲೇ ಕೇಳಿ ಮೂವರೂ ಹಂಚಿಕೊಳ್ಳಿ. ಹೊಡೆದ ಮೇಲೆ ಹಣದ ಮಾತು ಬಂದರೆ ಗೆಳೆತನ ಉಳಿಯುವುದು ಕಷ್ಟ.

ಅಲಾಸ್ಕಾದ ಮೀನು ಮತ್ತು ಬೇಟೆಪ್ರಾಣಿ ಇಲಾಖೆಯ ಹೊಸ ನಿಯಮಪುಸ್ತಕ ಜುಲೈ 1ರಿಂದ ಜಾರಿಗೆ ಬರುತ್ತದೆ, ಹಳೆಯದನ್ನು ನೆಚ್ಚಬೇಡ. ವಿಮಾನದಲ್ಲಿ ಹೋದ ದಿನ ಮೂಸ್ ಹೊಡೆಯುವಂತಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ಕಾಯಬೇಕು. ಮೇಲಿಂದ ನೋಡಿ, ಇಳಿದು ಹೊಡೆಯುವುದು ಬೇಟೆಯಲ್ಲ ಎಂಬುದು ಈ ನಿಯಮದ ತಿರುಳು, ಅದು ನನಗೆ ಪೂರ್ತಿ ಒಪ್ಪಿಗೆ. ಹಲವು ಕಡೆ ಕೊಂಬಿನ ಹರವು 50 ಇಂಚು ಇರಬೇಕು, ಇಲ್ಲವೇ ಹಣೆಯ ಮೇಲಿನ ಕವಲುಗಳು ನಿಗದಿತ ಸಂಖ್ಯೆಯಲ್ಲಿರಬೇಕು. ಸಂಶಯ ಬಂದರೆ ಕೋವಿ ಇಳಿಸು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಕೊಂಬು ಮಾತ್ರ ತಂದವರಿಗೆ ಇಲ್ಲಿ ಜೈಲೇ ಗತಿ.

ಬೆಂಗಳೂರಿನಿಂದ ನಿನ್ನ ಚಿಕ್ಕಪ್ಪನ ಮಗನೂ ಬರುತ್ತೇನೆ ಎನ್ನುತ್ತಿದ್ದಾನಂತೆ. ಅಮೆರಿಕದ ನಿವಾಸಿಯಲ್ಲದ ವಿದೇಶಿಯರು ಇಲ್ಲಿ ಯಾವುದೇ ದೊಡ್ಡ ಪ್ರಾಣಿಯನ್ನು ಹೊಡೆಯಬೇಕಾದರೆ ಪರವಾನಗಿ ಪಡೆದ ಗೈಡ್ ಜೊತೆಗಿರಲೇಬೇಕು. ಅವನು ಬರಿಗೈಯಲ್ಲಿ ಬರಲಿ, ಅಡುಗೆ ಮಾಡಲಿ, ಹೊರೆ ಹೊರಲಿ. ಆದರೆ ಅವನ ತೂಕವೂ ವಿಮಾನದ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬೇಡ.

ಹತ್ತು ದಿನಕ್ಕೆ ಹತ್ತು ದಿನದ ಊಟ ಎಂದು ಬರೆದಿರುವುದನ್ನು ಹದಿನೈದು ಮಾಡು. ಪರ್ವತಗಳ ನಡುವಿನ ಕಣಿವೆದಾರಿಗಳಿಗೆ ಮೋಡ ಇಳಿದರೆ ಯಾವ ಪೈಲಟ್ ಕೂಡ ಬರಲಾರ, ಬರಲೂಬಾರದು. ಒಮ್ಮೆ ಗುರುವಾರ ಬರಬೇಕಾದ ವಿಮಾನ ಸೋಮವಾರ ಬಂತು. ನಾಲ್ಕು ದಿನ ಗಂಜಿ ಕುಡಿದು, ಮಳೆಯ ಸದ್ದಿನಲ್ಲಿ ಇಂಜಿನ್ ಸದ್ದು ಹುಡುಕುತ್ತ ಕುಳಿತಿದ್ದೆವು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ನನ್ನಿಂದಲೇ ತೆಗೆದುಕೊಂಡು ಹೋಗು. ದಿನಕ್ಕೊಂದು ಸಾಲು ನಿನ್ನ ಅಮ್ಮನಿಗೆ ಬರಲಿ.

ನೀವು ಹೊರಡುವ ಹೊತ್ತಿಗೆ ಕೊಡಗಿನಲ್ಲಿ ಕೈಲ್ ಮುಹೂರ್ತ. ಕೋವಿಗೆ ತೋಕ್ ಪೂ ಎಂಬ ಹೂವು ಮುಡಿಸಿ ಪೂಜೆ ಮಾಡುವ ಆ ದಿನ ನಿನ್ನ ಅಜ್ಜನ ಕಾಲದಲ್ಲಿ ಬೇಟೆಯೂ ಆರಂಭವಾಗುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಜ್ಜ ಕೋವಿಗೆ ಎಣ್ಣೆ ಹಚ್ಚಿ ಗೋಡೆಗೆ ತೂಗಿಬಿಟ್ಟರು, ಮತ್ತೆ ಕಾಡಿಗೆ ಹೋಗಲಿಲ್ಲ, ಗೊಣಗಲೂ ಇಲ್ಲ. ಬೇಟೆಗೆ ಬಂದವರಿಗೆಲ್ಲ ಪಾಲು, ನಾಯಿಗೂ ಪಾಲು ಎನ್ನುತ್ತಿದ್ದರು. ನಿಮ್ಮ ಪಾಲುಪಟ್ಟಿಯಲ್ಲಿ ನನ್ನ ಹೆಸರೂ ಇರಲಿ.

ಆಗಸ್ಟ್ ಕೊನೆಯ ಶನಿವಾರ ಫೇರ್‌ಬ್ಯಾಂಕ್ಸ್‌ನಿಂದ ಮೂವರೂ ಸಾಮಾನು ಸಮೇತ ಇಲ್ಲಿಗೆ ಬನ್ನಿ. ಎಲ್ಲವನ್ನೂ ನಡುಮನೆಯಲ್ಲಿ ಹರವಿ, ಒಂದೊಂದನ್ನೇ ತೂಗೋಣ. ಮಾಂಸದ ಅಡುಗೆಗೆ ಹಾಕುವ ನಮ್ಮ ಕೊಡಗಿನ ಹುಳಿ ಕಾಚಂಪುಳಿಯನ್ನು ಒಂದು ಸಣ್ಣ ಶೀಶೆಯಲ್ಲಿ ತೆಗೆದಿಟ್ಟಿದ್ದೇನೆ, ಅದರ ತೂಕ ನಾಲ್ಕು ಔನ್ಸ್ ಎಂದು ಈಗಲೇ ಬರೆದುಕೋ.

ನಿನ್ನ ಅಪ್ಪ