ಇಕ್ಕಳ ತಾಗಿದ ಜಾಗ

ಶಿಡ್ಲಘಟ್ಟ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ. ರೇಷ್ಮೆ ಗೂಡಿನ ರೇಟೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಮೊನ್ನೆ ನಿನ್ನ ಲ್ಯಾಬಿನ ಪರೀಕ್ಷೆ ಬಗ್ಗೆ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ಇದೆಲ್ಲ ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಕಾಗದ.

ಅಸೆಟೈಲ್‌ಕೋಲಿನ್ ಅನ್ನುವ ಔಷಧಿ ಹಾಕಿದರೆ ಮೊಲದ ಮಹಾಧಮನಿಯಿಂದ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಕತ್ತರಿಸಿದ ಉಂಗುರ ಸಡಿಲವಾಗಬೇಕಿತ್ತು, ಇನ್ನಷ್ಟು ಬಿಗಿಯಾಯಿತು ಅಂದೆ. ಔಷಧಿ ಕೆಟ್ಟಿರಬೇಕು, ಆ ರೀಡಿಂಗ್ ಬಿಟ್ಟುಬಿಡು ಅಂತ ಜೊತೆಯವರು ಹೇಳಿದರಂತೆ. ಬಿಡಬೇಡ. ಔಷಧಿ ಕೆಟ್ಟಿದ್ದರೆ ಉಂಗುರ ಸುಮ್ನೆ ಇರುತ್ತಿತ್ತು. ಬಿಗಿಯಾಗಿದೆ ಅಂದರೆ ಔಷಧಿ ಕೆಲಸ ಮಾಡಿದೆ. ನೀನು ಅಂದುಕೊಂಡ ಜಾಗದಲ್ಲಿ ಮಾಡಿಲ್ಲ, ಅಷ್ಟೇ.

ರಕ್ತನಾಳದ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪೊರೆ ಇದೆ, ಎಂಡೋಥೀಲಿಯಂ. ಅಸೆಟೈಲ್‌ಕೋಲಿನ್ ಅಲ್ಲಿಗೆ ತಾಗಿದರೆ ಆ ಕೋಶಗಳಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ಅಲ್ಲಿನ ಕಿಣ್ವ ಆರ್ಜಿನಿನ್‌ನಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದು ಅನಿಲ. ಬಾಳುವುದು ಕೆಲವೇ ಸೆಕೆಂಡು. ಅಷ್ಟರಲ್ಲೇ ಪಕ್ಕದ ಸ್ನಾಯುವಿಗೆ ನುಗ್ಗಿ, ಅಲ್ಲಿ ಸೈಕ್ಲಿಕ್ ಜಿಎಂಪಿ ಅನ್ನುವ ಸಂದೇಶವಾಹಕವನ್ನು ಹೆಚ್ಚಿಸಿ, ಸ್ನಾಯುವನ್ನು ಸಡಿಲ ಮಾಡುತ್ತದೆ. ಪೊರೆ ಕೆರೆದುಹೋಗಿದ್ದರೆ? ಅದೇ ಔಷಧಿ ನೇರವಾಗಿ ಸ್ನಾಯುವಿಗೆ ತಾಗುತ್ತದೆ, ಸ್ನಾಯು ಬಿಗಿಯುತ್ತದೆ. ಒಂದೇ ಔಷಧಿ, ಎರಡು ಉತ್ತರ. ನಿನಗೆ ಸಿಕ್ಕಿದ್ದು ಎರಡನೆಯದು.

ನಿನಗಿಂತ ಮುಂಚೆ ಇದೇ ಉತ್ತರವನ್ನು ವರ್ಷಗಟ್ಟಲೆ ನೋಡಿದವರಿದ್ದಾರೆ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ 1950ರ ದಶಕದಿಂದಲೂ ಮೊಲದ ಮಹಾಧಮನಿಯನ್ನು ಸುರುಳಿ ಪಟ್ಟಿಯಾಗಿ ಕತ್ತರಿಸಿ ಪರೀಕ್ಷೆ ಮಾಡುತ್ತಿದ್ದರು. ಅಸೆಟೈಲ್‌ಕೋಲಿನ್‌ಗೆ ಪಟ್ಟಿ ಬಿಗಿಯುತ್ತಿತ್ತು. ಜೀವಂತ ಪ್ರಾಣಿಗೆ ಕೊಟ್ಟರೆ ಮಾತ್ರ ರಕ್ತನಾಳ ಹಿಗ್ಗುತ್ತಿತ್ತು. ಲೆಕ್ಕ ತಾಳೆಯಾಗುತ್ತಿರಲಿಲ್ಲ. 1978ರಲ್ಲಿ ಅವರ ಲ್ಯಾಬಿನ ಸಹಾಯಕರು ಔಷಧಿ ಹಾಕುವ ಕ್ರಮದಲ್ಲಿ ಎಡವಿದರು. ಮೊದಲೇ ಬಿಗಿದಿದ್ದ ರಕ್ತನಾಳಕ್ಕೆ, ಹಳೆಯದನ್ನು ತೊಳೆಯದೆ, ಅಸೆಟೈಲ್‌ಕೋಲಿನ್ ಜಾತಿಯದೇ ಇನ್ನೊಂದು ಔಷಧಿ ಹಾಕಿದರು. ಅದು ಸಡಿಲವಾಯಿತು!

ಇದನ್ನು ಎಲ್ಲರೂ ಅದೃಷ್ಟದ ಕತೆ ಅಂತ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅದೃಷ್ಟ ಒಂದು ದಿನದ್ದು. ಆಮೇಲೆ ಹಳೆಯ ಪಟ್ಟಿಗೂ ಹೊಸ ಉಂಗುರಕ್ಕೂ ಏನು ವ್ಯತ್ಯಾಸ ಅಂತ ಹುಡುಕಿದ್ದು ಅದೃಷ್ಟವಲ್ಲ. ಪಟ್ಟಿ ಕತ್ತರಿಸುವಾಗ ಒಳಮೈ ಉಜ್ಜಿಹೋಗುತ್ತಿತ್ತು, ವ್ಯತ್ಯಾಸ ಅದೇ. ಬೇಕೆಂದೇ ಉಜ್ಜಿ ನೋಡಿದರು, ಸಡಿಲವಾಗುವುದು ನಿಂತಿತು. ಆಮೇಲಿನ ಪರೀಕ್ಷೆಯಂತೂ ನನಗೆ ತುಂಬಾ ಇಷ್ಟ. ಪೊರೆ ತೆಗೆದ ಪಟ್ಟಿಯ ಒಳಮೈಗೆ ಪೊರೆ ಇರುವ ಇನ್ನೊಂದು ಪಟ್ಟಿಯನ್ನು ಮುಖಾಮುಖಿ ಅಂಟಿಸಿ ತೂಗುಹಾಕಿದರು. ಪೊರೆ ಇಲ್ಲದ್ದೂ ಸಡಿಲವಾಯಿತು! ಅಂದರೆ ಪೊರೆಯಿಂದ ಏನೋ ಒಂದು ಹೊರಟು ಬರುತ್ತಿದೆ ಅಂತಾಯಿತಲ್ವಾ? 1980ರಲ್ಲಿ ಜವಾಡ್ಸ್ಕಿ ಅವರ ಜೊತೆ ಇದನ್ನು ಪ್ರಕಟಿಸಿದರು. ಆ ‘ಏನೋ ಒಂದು’ ನೈಟ್ರಿಕ್ ಆಕ್ಸೈಡ್ ಅಂತ ಗಟ್ಟಿಯಾಗಲು 1987 ಬಂತು. 1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ಹೋಯಿತು. 1987ರಲ್ಲಿ ಅದನ್ನು ಗಟ್ಟಿ ಮಾಡಿದವರಲ್ಲಿ ಒಬ್ಬರಾದ ಮೊಂಕಾಡಾಗೆ ಸಿಗಲಿಲ್ಲ. ನನಗೆ ಈಗಲೂ ಅದು ಸರಿ ಅನ್ನಿಸಿಲ್ಲ, ಇರಲಿ.

ಈಗ ನಿನ್ನ ಕೈಯ ವಿಷಯ. ಕೊಬ್ಬು ಬಿಡಿಸುವಾಗ ಇಕ್ಕಳದಿಂದ ಎಲ್ಲಿ ಹಿಡಿದೆ? ಹೊರಗಿನ ಕೊಬ್ಬನ್ನು ಹಿಡಿಯಬೇಕು, ಗೋಡೆಯನ್ನಲ್ಲ. ಉಂಗುರ ತೂಗುಹಾಕಲು ತಂತಿ ತೂರಿಸುವಾಗ ಒಳಮೈಗೆ ಸವರಿತೇ? ರಕ್ತನಾಳವನ್ನು ಜೀವಂತ ಇಡುವ ಉಪ್ಪುನೀರು, ಆ ಕ್ರೆಬ್ಸ್ ದ್ರಾವಣ ತಣ್ಣಗಿತ್ತೇ, ದಾರಿಯಲ್ಲಿ ಎಷ್ಟು ಹೊತ್ತಾಯಿತು? ನಮ್ಮೂರಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರು ಬೇಯಿಸಿದ ಗೂಡಿನಿಂದ ಎಳೆಯ ತುದಿ ಎತ್ತುವುದನ್ನು ಚಿಕ್ಕಂದಿನಿಂದ ನೋಡಿದ್ದೀಯ. ಅಂಥ ಕೈ ಬೇಕು. ಅವಸರ ಮಾಡಿದರೆ ಎಳೆಯೂ ಹೋಯಿತು, ಗೂಡೂ ಹೋಯಿತು.

ಆ ಉಂಗುರದಲ್ಲಿ ಪೊರೆ ಇತ್ತೋ ಇಲ್ಲವೋ ತಿಳಿಯಲು ಸುಲಭದ ದಾರಿ ಇದೆ. ಮುಂದಿನ ಸಲ ಫಿನೈಲೆಫ್ರಿನ್ ಹಾಕಿ ಬಿಗಿ ಮಾಡು, ಅಸೆಟೈಲ್‌ಕೋಲಿನ್ ಹಾಕಿ ನೋಡು. ಸಡಿಲವಾಗದಿದ್ದರೆ ಚೆನ್ನಾಗಿ ತೊಳೆದು ಮತ್ತೆ ಬಿಗಿ ಮಾಡಿ ಸೋಡಿಯಂ ನೈಟ್ರೋಪ್ರಸೈಡ್ ಹಾಕು. ಅದು ನೈಟ್ರಿಕ್ ಆಕ್ಸೈಡನ್ನು ತಾನೇ ಕೊಡುತ್ತದೆ, ಪೊರೆಯ ಹಂಗಿಲ್ಲ. ಎದೆನೋವು ಬಂದಾಗ ನಿನ್ನಜ್ಜಿ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯೂ ಇದೇ ದಾರಿ ಹಿಡಿಯುತ್ತದೆ. ವಯಸ್ಸಾದವರ ಪೊರೆ ಸೊರಗಿದ್ದರೂ ಅದು ಕೆಲಸ ಮಾಡುವುದು ಅದಕ್ಕೇ. ನೈಟ್ರೋಪ್ರಸೈಡಿಗೆ ಉಂಗುರ ಸಡಿಲವಾದರೆ ಸ್ನಾಯು ಚೆನ್ನಾಗಿದೆ, ಹೋಗಿರುವುದು ಪೊರೆ. ಅದಕ್ಕೂ ಆಗದಿದ್ದರೆ ಬೇರೆಯೇ ತೊಂದರೆ, ಫೋನ್ ಮಾಡು.

ರೆಕಾರ್ಡಿನಲ್ಲಿ ಆ ದಿನದ ಗ್ರಾಫ್ ಹಾಗೇ ಅಂಟಿಸು. ಪಕ್ಕದಲ್ಲಿ ಇಕ್ಕಳ ಎಲ್ಲಿ ತಾಗಿತು ಅಂತಲೂ ಬರೆ. ಪ್ರಾಣಿ ಪ್ರಯೋಗದ ಕಮಿಟಿಯ ಒಪ್ಪಿಗೆ ತಗೊಂಡು ಒಂದು ಪ್ರಾಣಿಯ ಜೀವ ತೆಗೆದಿದ್ದೇವೆ. ನಮಗೆ ಬೇಕಾದ ಉತ್ತರ ಬರಲಿಲ್ಲ ಅಂತ ಅದನ್ನು ಕಸದ ಬುಟ್ಟಿಗೆ ಹಾಕುವ ಹಕ್ಕು ನಮಗಿಲ್ಲ. ಪೊರೆ ಇಲ್ಲದ ಉಂಗುರ ಹೇಗಿದ್ದರೂ ನಿನಗೆ ಹೋಲಿಕೆಗೆ ಬೇಕಾಗುತ್ತದೆ.

ಗೈಡ್ ಬೈದರೆ ಬೈಸಿಕೋ. ಊಟ ಬಿಡಬೇಡ. ದೊಡ್ಡಮ್ಮ ಹುರಿಗಾಳು ಕಳಿಸುತ್ತಿದ್ದಾಳೆ, ರೂಮಿನವರಿಗೂ ಕೊಡು. ಹಬ್ಬಕ್ಕೆ ಬರುವಾಗ ಗ್ರಾಫಿನ ಜೆರಾಕ್ಸ್ ತಗೊಂಡು ಬಾ, ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ