ಆಯ್ಕೆಯ ಕೋಣೆಯ ಹೊರಗೆ ಕಾಯುವ ತಂದೆ ತಾಯಂದಿರಿಗೆ

ಚಿಕ್ಕಮಗಳೂರು

ವಿಷಯ: ನೃತ್ಯ ತರಬೇತಿಯ ಆಯ್ಕೆಗೆ ಹೋಗುತ್ತಿರುವ ಮಕ್ಕಳ ಕುರಿತು.

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ನಮ್ಮ ಶಾಲೆಯ ಕೆಲವು ಮಕ್ಕಳು ಈ ವರ್ಷ ನೃತ್ಯದ ಆಯ್ಕೆಗಳಿಗೆ ಸಿದ್ಧರಾಗುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಭರತನಾಟ್ಯ ಕಲಿಯುವವರು; ಸಿಸಿಆರ್‌ಟಿ ಎಂದು ನಾವು ಕರೆಯುವ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು 10ರಿಂದ 14 ವರ್ಷದ ಮಕ್ಕಳಿಗೆ ನೀಡುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರು. ಒಬ್ಬಿಬ್ಬರು ಬೆಂಗಳೂರಿಗೆ ಹೋಗಿ ಪಾಶ್ಚಾತ್ಯ ನೃತ್ಯವಾದ ಬ್ಯಾಲೆ ಕಲಿಯುತ್ತಿದ್ದು, ಬೇಸಿಗೆ ರಜೆಯ ತರಬೇತಿಗಾಗಿ ವಿಡಿಯೊ ಮೂಲಕ ಆಡಿಷನ್ ಕೊಡಲಿದ್ದಾರೆ. ಕಳೆದ ಎರಡು ವಾರಗಳಲ್ಲಿ ಈ ಮಕ್ಕಳ ತಂದೆ ತಾಯಂದಿರಲ್ಲಿ ನಾಲ್ವರು ನನ್ನ ಕೊಠಡಿಗೆ ಬಂದು ಕುಳಿತು ಮಾತನಾಡಿದರು. ಎಲ್ಲರೂ ಮಗುವಿನ ವಿಷಯವೆಂದೇ ಮಾತು ಆರಂಭಿಸಿದರೂ, ರಾತ್ರಿ ನಿದ್ರೆ ಬಾರದಿರುವುದು ತಮಗೇ ಎಂಬುದು ಸ್ವಲ್ಪ ಹೊತ್ತಿನಲ್ಲಿ ತಿಳಿಯಿತು. ಒಬ್ಬ ತಾಯಿ ಅತ್ತರು. ಆ ಮಾತುಕತೆಗಳ ನಂತರ, ಎಲ್ಲರಿಗೂ ಒಟ್ಟಿಗೆ ಬರೆಯುವುದು ಒಳ್ಳೆಯದೆಂದು ನನಗೆ ಅನ್ನಿಸಿತು.

ನಾನು ಇದನ್ನು ಮುಖ್ಯೋಪಾಧ್ಯಾಯಿನಿಯಾಗಿ ಮಾತ್ರವಲ್ಲ, ಇದೇ ವಿಷಯದಲ್ಲಿ ತಪ್ಪು ಮಾಡಿದ ತಾಯಿಯಾಗಿಯೂ ಬರೆಯುತ್ತಿದ್ದೇನೆ. ಹಲವು ವರ್ಷಗಳ ಹಿಂದೆ, ಹನ್ನೊಂದು ವರ್ಷದ ನನ್ನ ಮಗಳನ್ನು ಇಂತಹುದೇ ಒಂದು ಆಯ್ಕೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಭರತನಾಟ್ಯದಲ್ಲಿ ಮೊದಲು ಮಾಡುವ ನೃತ್ಯವಾದ ಅಲರಿಪುವನ್ನು ಅವಳು ಮುಗಿಸುವ ಮೊದಲೇ ಪರೀಕ್ಷಕರು ಸಾಕು ಎಂದದ್ದು ಬಾಗಿಲಿನ ಹೊರಗೆ ನಿಂತಿದ್ದ ನನಗೆ ಕೇಳಿಸಿತು. ಹೊರಗೆ ಬಂದ ಮಗುವಿಗೆ ಒಂದು ಲೋಟ ನೀರನ್ನೂ ಕೊಡದೆ, ಏಕೆ ನಿಲ್ಲಿಸಿದರು, ಎಲ್ಲಿ ತಪ್ಪಿದೆ ಎಂದು ಕೇಳಿದೆ. ಬಸ್ಸು ತುಮಕೂರು ದಾಟಿದಲ್ಲಿಂದ ಕಡೂರು ತಲುಪುವವರೆಗೆ, ಪಾದ ಹೊರಕ್ಕೆ ತಿರುಗಿಸಿ ಮಂಡಿ ಬಾಗಿಸುವ ಅರೆಮಂಡಿಯಲ್ಲಿ ಇನ್ನಷ್ಟು ಕೂರಬೇಕಿತ್ತು, ಕಣ್ಣು ಎತ್ತಿ ನೋಡಬೇಕಿತ್ತು ಎಂದು ಹೇಳುತ್ತಲೇ ಬಂದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮನೆಗೆ ಬಂದ ಮೇಲೆ ಗೆಜ್ಜೆಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟವಳು ಒಂದೂವರೆ ವರ್ಷ ಅದನ್ನು ಕೆಳಗಿಳಿಸಲಿಲ್ಲ. ಆಯ್ಕೆಯಾಗದ ಸಂಗತಿ ತಾನು ಬೇಗ ಮರೆತೆನೆಂದೂ, ಆ ಬಸ್ಸಿನ ಪ್ರಯಾಣ ಮಾತ್ರ ಮರೆಯಲಿಲ್ಲವೆಂದೂ ದೊಡ್ಡವಳಾದ ಮೇಲೆ ಅವಳೇ ಹೇಳಿದಳು. ತಮ್ಮ ಮನೆಯಲ್ಲಿ ಹಾಗಾಗುವುದು ಬೇಡ ಎಂಬುದೇ ಈ ಪತ್ರದ ಉದ್ದೇಶ.

ಆಯ್ಕೆಯ ಕೋಣೆಯಲ್ಲಿ ಪರೀಕ್ಷಕರಿಗೆ ಕಾಣುವುದೇನು ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳೋಣ. ಪ್ರತಿ ಮಗುವಿಗೆ ಸಿಗುವುದು ಕೆಲವೇ ನಿಮಿಷಗಳು. ಅಷ್ಟರಲ್ಲಿ ನೃತ್ಯದ ಮೂಲ ಹೆಜ್ಜೆಗಳಾದ ಅಡವುಗಳು ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ತಾಳ ತಪ್ಪದೆ ಬರುತ್ತವೆಯೇ, ಹಸ್ತಗಳು, ಅಂದರೆ ಕೈಮುದ್ರೆಗಳು, ಬಿಗಿಯಾಗಿವೆಯೇ, ಕೇಳಿದಾಗ ಆ ನೃತ್ಯಬಂಧದ ರಾಗ, ತಾಳಗಳ ಹೆಸರನ್ನು ಮಗು ಹೇಳಬಲ್ಲದೇ ಎಂಬಷ್ಟನ್ನು ನೋಡಬಹುದು. ದೇಹದ ರಚನೆಯೂ ಅಲ್ಲಿ ಕಣ್ಣಿಗೆ ಬೀಳುತ್ತದೆ, ಮತ್ತು ಪೋಷಕರು ಹೆಚ್ಚು ತಪ್ಪಾಗಿ ಅರ್ಥಮಾಡಿಕೊಳ್ಳುವುದು ಇದನ್ನೇ. ಬ್ಯಾಲೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಪ್ಯಾರಿಸ್ ಒಪೆರಾದ ನೃತ್ಯಶಾಲೆ 1713ರಲ್ಲಿ ಆರಂಭವಾಯಿತು. ಇಂದು ವಾಗನೋವಾ ಅಕಾಡೆಮಿ ಎಂದು ಪ್ರಸಿದ್ಧವಾದ ಸೇಂಟ್ ಪೀಟರ್ಸ್‌ಬರ್ಗ್‌ನ ಶಾಲೆ 1738ರಲ್ಲಿ. ವಾಗನೋವಾದಂತಹ ಶಾಲೆಗಳು ಹತ್ತು ವರ್ಷದ ಆಸುಪಾಸಿನ ಮಕ್ಕಳನ್ನು ಆರಿಸುವಾಗ ಸೊಂಟದ ಕೀಲು ಎಷ್ಟು ಹೊರಕ್ಕೆ ತಿರುಗುತ್ತದೆ, ಪಾದದ ಕಮಾನು ಹೇಗಿದೆ, ಕೈಕಾಲುಗಳ ಅಳತೆ ದೇಹಕ್ಕೆ ಹೊಂದುತ್ತದೆಯೇ ಎಂದು ನೋಡುತ್ತವೆ. ಇವುಗಳಲ್ಲಿ ಬಹುಪಾಲು ಮೂಳೆಯಲ್ಲಿ ಹುಟ್ಟಿನಿಂದ ಬಂದದ್ದು. ಸೊಂಟದ ಗುಳಿಯಲ್ಲಿ ತೊಡೆಮೂಳೆ ಕೂರುವ ರೀತಿ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುವುದರಿಂದ, ಒಂದೇ ಗುರುಗಳ ಬಳಿ ಒಂದೇ ದಿನ ಸೇರಿದ ಇಬ್ಬರು ಮಕ್ಕಳ ಕಾಲು ಒಂದೇ ಪ್ರಮಾಣದಲ್ಲಿ ತೆರೆದುಕೊಳ್ಳುವುದಿಲ್ಲ.

ನಮ್ಮ ಅರೆಮಂಡಿಗೂ ಇದೇ ಮಾತು ಸಲ್ಲುತ್ತದೆ. ಪಕ್ಕದ ಮನೆಯ ಮಗು ಅಷ್ಟು ಚೆನ್ನಾಗಿ ಕೂರುವಾಗ ತನ್ನ ಮಗು ಏಕೆ ಕೂರುವುದಿಲ್ಲವೆಂದು ಮನೆಯಲ್ಲಿ ಭುಜ ಹಿಡಿದು ಕೆಳಗೆ ಒತ್ತಿದವರನ್ನು ನಾನು ಬಲ್ಲೆ. ಸೊಂಟದಿಂದ ತಿರುಗದ ಕಾಲನ್ನು ಬಲವಂತವಾಗಿ ತಿರುಗಿಸಿದರೆ ಆ ತಿರುಚು ಮಂಡಿಯ ಮೇಲೆ, ಕಣಕಾಲಿನ ಮೇಲೆ ಬೀಳುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಗಳ ತುದಿಯ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಸಿಮೆಂಟಿನ ಅಥವಾ ಗ್ರಾನೈಟಿನ ನೆಲದ ಮೇಲೆ ಎರಡೆರಡು ಗಂಟೆ ತಟ್ಟಿದರೆ ಹಿಮ್ಮಡಿಯೂ ಮಂಡಿಯ ಕೆಳಭಾಗವೂ ನೋಯುವುದು ಸಹಜ. ಆಯ್ಕೆ ಹತ್ತಿರವಿದೆಯೆಂದು ನೋವಿನ ಮಾತ್ರೆ ನುಂಗಿಸಿ ಅಭ್ಯಾಸ ಮಾಡಿಸುವುದನ್ನು ದಯವಿಟ್ಟು ಮಾಡಬೇಡಿ. ಎರಡು ದಿನ ವಿಶ್ರಾಂತಿ ಕೊಟ್ಟರೂ ನೋವು ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಅದಕ್ಕಾಗಿ ಆಯ್ಕೆ ತಪ್ಪಿದರೂ ತಪ್ಪಲಿ.

ಊಟದ ವಿಷಯದಲ್ಲಿ ನಾನು ಇನ್ನೂ ಕಟುವಾಗಿ ಬರೆಯಬೇಕಾಗಿದೆ. ಆಯ್ಕೆಗೆ ಮುನ್ನ ತೆಳ್ಳಗಾಗಬೇಕೆಂದು ರಾತ್ರಿಯೂಟ ಬಿಡಿಸಿರುವ, ಅನ್ನ ಮುದ್ದೆಗಳ ಬದಲು ಬರೀ ಹಣ್ಣು ಕೊಟ್ಟು ಕಳುಹಿಸುತ್ತಿರುವ ಮನೆಗಳಿವೆ ಎಂಬುದು ಮಧ್ಯಾಹ್ನ ಮಕ್ಕಳ ಡಬ್ಬಿ ನೋಡಿದಾಗ ತಿಳಿದಿದೆ. ಹನ್ನೆರಡು ವರ್ಷದ ಮಗು ಬೆಳೆಯುತ್ತಿರುವ ಮಗು, ಮೇಲಾಗಿ ದಿನಕ್ಕೆ ಒಂದೂವರೆ ಗಂಟೆ ಕುಣಿಯುವ ಮಗು. ಅದಕ್ಕೆ ಓರಗೆಯವರಿಗಿಂತ ಹೆಚ್ಚು ಅನ್ನ, ಹೆಚ್ಚು ಮೊಸರು, ಹೆಚ್ಚು ಕಾಳು ಬೇಕು. ಮಗುವಿನ ಎದುರಿಗೆ ಅದರ ತೂಕದ ಮಾತನ್ನು, ಬೇರೆ ಮಗುವಿನ ತೂಕದ ಮಾತನ್ನೂ, ಯಾರೂ ಆಡಬಾರದೆಂದು ಅಜ್ಜಿ ತಾತಂದಿರೂ ಸೇರಿದಂತೆ ಮನೆಯ ಎಲ್ಲರಲ್ಲಿ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಈಗ ತಪ್ಪಿದರೆ ಎಲ್ಲವೂ ಮುಗಿಯಿತು ಎಂಬ ಮಾತನ್ನು ನಾಲ್ವರ ಬಾಯಲ್ಲೂ ಕೇಳಿದೆ. ಭರತನಾಟ್ಯದ ಇತಿಹಾಸ ಹಾಗೆ ಹೇಳುವುದಿಲ್ಲ. ರುಕ್ಮಿಣಿ ದೇವಿ ಅರುಂಡೇಲ್ ಅವರು ರಷ್ಯಾದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ಅವರ ಪರಿಚಯದಿಂದ ನೃತ್ಯದ ಕಡೆಗೆ ಹೊರಳಿದವರು, ಮೊದಲು ಕಲಿತದ್ದೂ ಬ್ಯಾಲೆಯನ್ನೇ. 1904ರಲ್ಲಿ ಹುಟ್ಟಿದ ಅವರು ಭರತನಾಟ್ಯವನ್ನು ವೇದಿಕೆಯ ಮೇಲೆ ಮೊದಲ ಬಾರಿಗೆ ಪ್ರದರ್ಶಿಸಿದ್ದು 1935ರಲ್ಲಿ, ಅಂದರೆ ಮೂವತ್ತೊಂದನೆಯ ವಯಸ್ಸಿನಲ್ಲಿ. ಮರುವರ್ಷವೇ ಕಲಾಕ್ಷೇತ್ರವೆಂಬ ನೃತ್ಯ, ಸಂಗೀತಗಳ ಶಾಲೆಯನ್ನು ಸ್ಥಾಪಿಸಿದರು. ಇನ್ನೊಬ್ಬರು ನಮ್ಮ ಜಿಲ್ಲೆಯವರೇ ಆದ ವೆಂಕಟಲಕ್ಷಮ್ಮನವರು. ಕಡೂರು ಸೀಮೆಯ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ 1906ರಲ್ಲಿ ಹುಟ್ಟಿದ ಅವರು, ಎಂಟನೆಯ ವಯಸ್ಸಿಗೆ ಮೈಸೂರಿನ ನೃತ್ಯಗುರು ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ಮುಂದೆ ಮೈಸೂರು ಆಸ್ಥಾನದ ಕಲಾವಿದೆಯಾಗಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿ, 1992ರಲ್ಲಿ ಪದ್ಮಭೂಷಣ ಪಡೆದರು. ಅವರು ಬೇಗ ಆರಂಭಿಸಿದವರು ನಿಜ. ಆದರೆ ಜನ ಅವರನ್ನು ನೆನೆಯುವುದು ಅಭಿನಯಕ್ಕಾಗಿ. ಅಭಿನಯ ವಯಸ್ಸಿನೊಂದಿಗೆ ಮಾಗುತ್ತದೆ. ಹತ್ತರ ಮಗುವಿನಲ್ಲಿ ಅದನ್ನು ಅಳೆಯಲು ಯಾವ ಪರೀಕ್ಷಕರಿಂದಲೂ ಸಾಧ್ಯವಿಲ್ಲವೆಂದು ನಾನು ನಂಬಿದ್ದೇನೆ, ಆದ್ದರಿಂದ ಈ ವಯಸ್ಸಿನ ಆಯ್ಕೆಗೆ ಅಷ್ಟು ಮಾತ್ರದ ಬೆಲೆಯನ್ನು ಕೊಡುತ್ತೇನೆ.

ವಿಡಿಯೊ ಆಡಿಷನ್ ಕೊಡುವ ಮನೆಗಳಿಗೆ ಒಂದು ಮಾತು. ಮೊಬೈಲ್ ಕೈಯಲ್ಲಿರುವಾಗ ಇನ್ನೊಮ್ಮೆ, ಇನ್ನೊಮ್ಮೆ ಎನ್ನುವುದಕ್ಕೆ ಕೊನೆಯೇ ಇರುವುದಿಲ್ಲ. ಇಪ್ಪತ್ತನೆಯ ಸಲಕ್ಕೆ ಮಗುವಿನ ಕಾಲೂ ಮುಖವೂ ಸೋತಿರುತ್ತವೆ. ಬೆಳಕು, ನೆಲ, ಸಂಗೀತ ಎಲ್ಲವನ್ನೂ ಮೊದಲೇ ಸಿದ್ಧಪಡಿಸಿಕೊಂಡು, ಒಂದು ಭಾಗಕ್ಕೆ ಮೂರು ಸಲಕ್ಕಿಂತ ಹೆಚ್ಚು ಚಿತ್ರೀಕರಿಸುವುದಿಲ್ಲವೆಂದು ಮಗುವಿಗೆ ಮಾತು ಕೊಡಿ. ಯಾವುದನ್ನು ಕಳುಹಿಸಬೇಕೆಂಬುದನ್ನು ಶಿಕ್ಷಕರು ಹೇಳಲಿ. ಹಾಗೆಯೇ, ಆಯ್ಕೆ ಹತ್ತಿರವಾಯಿತೆಂದು ಗುರುಗಳಿಗೆ ತಿಳಿಸದೆ ಇನ್ನೊಬ್ಬರ ಬಳಿ ಹೆಚ್ಚುವರಿ ಪಾಠ ಹೇಳಿಸುವುದೂ ಬೇಡ. ಇಬ್ಬರು ಎರಡು ಬಗೆಯಲ್ಲಿ ತಿದ್ದಿದರೆ ಮಗು ನಡುವೆ ಸಿಕ್ಕಿಕೊಳ್ಳುತ್ತದೆ.

ಖರ್ಚಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವಿದ್ಯಾರ್ಥಿವೇತನದಿಂದ ವರ್ಷಕ್ಕೆ ಬರುವುದು ಕೆಲವು ಸಾವಿರ ರೂಪಾಯಿ. ಅದಕ್ಕಾಗಿ ಸಾಲ ಮಾಡಿ ಹೊಸ ರೇಷ್ಮೆ ಉಡುಪು, ಆಭರಣ ಕೊಳ್ಳುವುದು ಸರಿಯಲ್ಲ. ಸೂಚನಾಪತ್ರದಲ್ಲಿ ಕೇಳದಿದ್ದರೆ ಅಭ್ಯಾಸದ ಹತ್ತಿ ಸೀರೆಯೇ ಸಾಕು.

ಆಯ್ಕೆಯ ದಿನದ ಬಗ್ಗೆ. ಇಲ್ಲಿಂದ ಬೆಂಗಳೂರು ಸುಮಾರು 240 ಕಿಲೋಮೀಟರ್. ರಾತ್ರಿ ಬಸ್ಸಿನಲ್ಲಿ ಕುಳಿತೇ ನಿದ್ರಿಸಿದ ಮಗುವನ್ನು ಬೆಳಿಗ್ಗೆ ನೇರವಾಗಿ ಕೋಣೆಗೆ ಕಳುಹಿಸಬೇಡಿ, ಹಿಂದಿನ ದಿನ ಮಧ್ಯಾಹ್ನವೇ ಹೊರಡಿ. ಕಾಯುವ ಜಾಗದಲ್ಲಿ ಬೇರೆ ಊರಿನ ಪೋಷಕರು ಎಷ್ಟು ವರ್ಷದಿಂದ ಕಲಿಯುತ್ತಿದ್ದಾಳೆ, ಯಾವ ಗುರುಗಳು, ಎಷ್ಟು ಬಹುಮಾನ ಬಂದಿವೆ ಎಂದು ವಿಚಾರಿಸುತ್ತಾರೆ. ಆಗ ಮಗುವಿನೊಂದಿಗೆ ಹೊರಗೆ ಒಂದು ಸುತ್ತು ನಡೆದು ಬರುವುದು ಮೇಲು. ಪರೀಕ್ಷಕರು ನಡುವೆಯೇ ನಿಲ್ಲಿಸಬಹುದೆಂಬುದನ್ನು ಮಗುವಿಗೆ ಮೊದಲೇ ತಿಳಿಸಿರಿ. ನೂರಾರು ಮಕ್ಕಳನ್ನು ನೋಡಬೇಕಾದವರು ತಮಗೆ ಬೇಕಾದದ್ದು ಕಂಡ ಕೂಡಲೇ ನಿಲ್ಲಿಸುತ್ತಾರೆ. ಚೆನ್ನಾಗಿ ಮಾಡಿದವರನ್ನೂ ನಿಲ್ಲಿಸುತ್ತಾರೆ. ನನಗೆ ಅಂದು ಇದು ತಿಳಿದಿರಲಿಲ್ಲ. ಮಗು ಹೊರಗೆ ಬಂದ ಮೇಲೆ ನೀರು ಕೊಡಿ, ಗೆಜ್ಜೆ ಬಿಚ್ಚಲು ಸಹಾಯ ಮಾಡಿ, ಹಸಿವಾಗಿದೆಯೇ ಎಂದು ಕೇಳಿ. ಒಳಗೆ ನಡೆದದ್ದನ್ನು ಅದು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಊರು ತಲುಪುವವರೆಗೆ ಆ ಮಾತನ್ನು ತೆಗೆಯಬೇಡಿ. ಅದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಅಳಬೇಕೆನಿಸಿದರೆ, ರೇಗಬೇಕೆನಿಸಿದರೆ, ಮಗು ಮಲಗಿದ ಮೇಲೆ ನನಗೆ ಫೋನು ಮಾಡಿ.

ಫಲಿತಾಂಶ ಬಂದ ದಿನ ಅದನ್ನು ಮಗುವಿಗೆ ತಿಳಿಸಬೇಕಾದವರು ತಾವು. ತರಗತಿಯ ವಾಟ್ಸಾಪ್ ಗುಂಪಿನಿಂದಲೋ ನೆಂಟರ ಬಾಯಿಂದಲೋ ಅದು ತಿಳಿಯಬಾರದು. ಆಯ್ಕೆಯಾಗದಿದ್ದರೆ, ಅಲ್ಲಿ ಮೋಸ ನಡೆದಿದೆ, ಶಿಫಾರಸು ಇದ್ದವರಿಗೆ ಮಾತ್ರ ಸಿಗುತ್ತದೆ ಎಂದು ಮಗುವಿನ ಎದುರು ಹೇಳಬೇಡಿ. ಆ ಕ್ಷಣಕ್ಕೆ ಅದು ಸಮಾಧಾನದಂತೆ ಕಂಡರೂ, ದುಡಿದು ಪ್ರಯೋಜನವಿಲ್ಲವೆಂಬ ಪಾಠವನ್ನೇ ಮಗು ಕಲಿಯುತ್ತದೆ. ಬೇಸರವಾಗಿದೆ, ನನಗೂ ಬೇಸರವಾಗಿದೆ ಎಂದು ಹೇಳಿದರೆ ಸಾಕು. ಮುಂದಿನ ತರಗತಿ ಯಾವ ದಿನವಿದೆಯೋ ಆ ದಿನ, ಆಯ್ಕೆಯಾಗಿದ್ದರೂ ಆಗದಿದ್ದರೂ, ಎಂದಿನ ಹೊತ್ತಿಗೆ ತರಗತಿಗೆ ಕರೆದುಕೊಂಡು ಹೋಗಿ. ಮಗು ಸ್ವಲ್ಪ ದಿನ ಬೇಡವೆಂದರೆ ಬಲವಂತ ಬೇಡ, ಆದರೆ ತಾವಾಗಿಯೇ ಬಿಡಿಸಬೇಡಿ.

ಶಾಲೆಯಿಂದಲೂ ತಪ್ಪಾಗಿದೆ. ಕಳೆದ ವರ್ಷ ಬೆಳಗಿನ ಪ್ರಾರ್ಥನೆಯಲ್ಲಿ ಆಯ್ಕೆಯಾದ ಮಗುವಿನ ಹೆಸರು ಕರೆದು ಚಪ್ಪಾಳೆ ತಟ್ಟಿಸಿದೆವು. ಅದೇ ಆಯ್ಕೆಗೆ ಹೋಗಿ ಬಂದಿದ್ದ ಇನ್ನೊಂದು ಮಗು ಅದೇ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿತ್ತು. ಅದನ್ನು ನಾನು ಗಮನಿಸಿದ್ದು ಚಪ್ಪಾಳೆ ಮುಗಿದ ಮೇಲೆ. ಈ ವರ್ಷದಿಂದ ಇಂತಹ ಫಲಿತಾಂಶಗಳನ್ನು ಪ್ರಾರ್ಥನೆಯಲ್ಲಿ ಪ್ರಕಟಿಸುವುದಿಲ್ಲ. ಹೋಗಿ ಬರುವ ದಿನಗಳನ್ನು ಹಾಜರಾತಿಯಲ್ಲಿ ಗೈರುಹಾಜರಿ ಎಂದು ಬರೆಯುವುದಿಲ್ಲ, ತಪ್ಪಿದ ಕಿರುಪರೀಕ್ಷೆಗಳನ್ನು ಒಂದು ವಾರದ ನಂತರ ನಡೆಸಲು ವಿಷಯ ಶಿಕ್ಷಕರು ಒಪ್ಪಿದ್ದಾರೆ. ನೃತ್ಯಕ್ಕೆ ಹೋಗುವ ಹುಡುಗರನ್ನು ಸಹಪಾಠಿಗಳು ಹಂಗಿಸುತ್ತಾರೆಂದು ಒಬ್ಬ ತಂದೆ ನೊಂದುಕೊಂಡರು. ಭರತನಾಟ್ಯದ ವೇದಿಕೆಯ ಕಾರ್ಯಕ್ರಮಕ್ಕೆ ಇಂದಿನ ಕ್ರಮವನ್ನು ಕೊಟ್ಟ ತಂಜಾವೂರಿನ ಸಹೋದರರು ನಾಲ್ವರೂ ಗಂಡಸರೇ, ಅವರಲ್ಲಿ ಚಿನ್ನಯ್ಯನವರು ಮೈಸೂರು ಅರಮನೆಯಲ್ಲಿದ್ದವರು ಎಂಬುದನ್ನು ಆ ತರಗತಿಯಲ್ಲಿ ನಾನೇ ಹೇಳಿದ್ದೇನೆ. ಹಂಗಿಸಿದ ಹುಡುಗರೊಂದಿಗೆ ಪ್ರತ್ಯೇಕವಾಗಿಯೂ ಮಾತನಾಡಿದ್ದೇನೆ.

ಬರುವ ಶನಿವಾರ ತರಗತಿಗಳು ಮುಗಿದ ಮೇಲೆ ಸಂಗೀತದ ಕೊಠಡಿಯಲ್ಲಿ ತಮ್ಮೊಂದಿಗೆ ಒಂದು ಗಂಟೆ ಕುಳಿತು ಮಾತನಾಡಬೇಕೆಂದಿದ್ದೇನೆ. ಈ ಹಿಂದೆ ಮಕ್ಕಳನ್ನು ಆಯ್ಕೆಗೆ ಕರೆದೊಯ್ದಿದ್ದ ಇಬ್ಬರು ಪೋಷಕರೂ ಬರಲು ಒಪ್ಪಿದ್ದಾರೆ. ಅವರಲ್ಲಿ ಒಬ್ಬರ ಮಗು ಆಯ್ಕೆಯಾಗಿತ್ತು, ಇನ್ನೊಬ್ಬರದು ಆಗಿರಲಿಲ್ಲ. ಕಾಫಿ ಕೊಯ್ಲಿನ ಕೆಲಸದಿಂದ ಶನಿವಾರ ಬರಲಾಗದವರು ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನನ್ನನ್ನು ಕಾಣಬಹುದು. ಮಕ್ಕಳನ್ನು ಜೊತೆಗೆ ಕರೆತರುವುದು ಬೇಡ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ