ಘಾಟಿಯ ಅಬ್ಬಿ ನೋಡುವವರು ಮೋರಿಯನ್ನೂ ನೋಡಲಿ

ಸಂಪಾದಕರಿಗೆ,

ಜೂನ್ ಎರಡನೇ ವಾರ ದಾಟಿತೆಂದರೆ ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ಮಳೆಗಾಲದ ಪ್ರವಾಸದ ಮಾತು ಶುರುವಾಗುತ್ತದೆ. ಈ ಎರಡು ಊರುಗಳ ನಡುವಿನ ಖಂಡಾಳ ಘಾಟಿಯ (ಬೋರ್‌ಘಾಟ್) ರಸ್ತೆಬದಿಯ ಝರಿಗಳ ಚಿತ್ರ ಪತ್ರಿಕೆಗಳಲ್ಲೂ ಬರುತ್ತದೆ. ಹೋಗುವುದು ಹೇಗೆ, ಎಷ್ಟು ದೂರ ಎಂಬ ವಿವರ ಇರುತ್ತದೆ. ಆ ನೀರು ಎಲ್ಲಿಂದ ಬಂತು, ಬಿದ್ದ ಮೇಲೆ ಎಲ್ಲಿಗೆ ಹೋಯಿತು ಎಂಬುದೂ ಜೊತೆಗೆ ಬರಲಿ ಎಂದು ಈ ಪತ್ರ.

ಮಲೆನಾಡಿನವರು ಇಂಥದ್ದನ್ನು ಅಬ್ಬಿ ಎನ್ನುತ್ತಾರೆ. ಆದರೆ ಬೋರ್‌ಘಾಟಿನ ಹಳೆಯ ಹೆದ್ದಾರಿ ಪಕ್ಕದ ಹಲವು ಅಬ್ಬಿಗಳು ಅರ್ಧ ಮನುಷ್ಯರೇ ಮಾಡಿದಂಥವು. ರಸ್ತೆಗೆಂದು ಗುಡ್ಡ ಕಡಿದಾಗ, ಇಳಿಜಾರಿನಲ್ಲಿ ಹರಿಯುತ್ತಿದ್ದ ಹಳ್ಳಗಳು ಕಡಿದ ಬಂಡೆಯ ನೆತ್ತಿಯಿಂದ ನೆಟ್ಟಗೆ ಬೀಳತೊಡಗಿದವು. ಎತ್ತು ಹೇರಿನ ಹಾದಿಯಾಗಿದ್ದ ಈ ಘಾಟಿಯಲ್ಲಿ ಗಾಡಿ ರಸ್ತೆ ತೆರೆದದ್ದು 1830ರಲ್ಲಿ, ಜಾನ್ ಮಾಲ್ಕಮ್ ಮುಂಬಯಿ ಗವರ್ನರ್ ಆಗಿದ್ದಾಗ. ಆ ಕಾಲದ ಅಮೃತಾಂಜನ್ ಸೇತುವೆಯನ್ನು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ ಕೆಡವಿದರು. 37 ಅಡಿಗೆ ಒಂದು ಅಡಿ ಏರುವ ರೈಲು ಹಾದಿ 1863ರಲ್ಲಿ ಮುಗಿಯಿತು. ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ತೀರಿಕೊಂಡಾಗ ಕೆಲಸವನ್ನು ಮುಂದುವರಿಸಿದವರು ಅವರ ಹೆಂಡತಿ ಆಲಿಸ್. ಇನ್ನು, ಇಂಗ್ಲಿಷರಿಗೆ ಈ ಘಾಟಿಯ ದಾರಿ ತೋರಿಸಿದವನು ಶಿಂಗ್ರೋಬಾ ಎಂಬ ಧನಗರ ಕುರಿಗಾಹಿ ಎಂದು ಇಲ್ಲಿಯ ಜನ ಹೇಳುತ್ತಾರೆ. ಹಳೆಯ ಹೆದ್ದಾರಿಯಲ್ಲಿ ಅವನ ಗುಡಿಯಿದೆ, ಲಾರಿ ಚಾಲಕರು ನಾಣ್ಯ ಹಾಕಿ ಮುಂದೆ ಹೋಗುತ್ತಾರೆ. ಕುರುಬರ ಬೀರಪ್ಪನ ಗುಡಿಗೆ ನಡೆದುಕೊಳ್ಳುವ ನಮ್ಮವರಿಗೆ ಆ ಗುಡಿ ಪರಕೀಯ ಅನ್ನಿಸಲಾರದು. ಒಂದು ನಿಮಿಷ ಕೈಮುಗಿಯಿರಿ.

ಬಂಡೆಯನ್ನು ಹತ್ತಿರದಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಒಂದರ ಮೇಲೊಂದು ಹರಿದ ಲಾವಾ ಅದು. ಗಟ್ಟಿ ಕಪ್ಪು ಪದರ, ಅದರಡಿ ಗುಳ್ಳೆ ಗುಳ್ಳೆಯ ಮೆತ್ತನೆ ಪದರ, ಕೆಲವೆಡೆ ನಡುವೆ ಇಟ್ಟಿಗೆ ಬಣ್ಣದ ಒಂದು ಪಟ್ಟಿ. ಈ ಕೆಂಪು ಪಟ್ಟಿ ಜೇಡಿಯಂತಿರುವುದರಿಂದ ನೀರು ಕೆಳಗಿಳಿಯದೆ ಅದರ ಮೇಲಿಂದಲೇ ಜಿನುಗುತ್ತದೆ. ಜರಿಗಿಡಗಳು ಸಾಲಾಗಿ ಅಂಟಿಕೊಂಡಿರುವುದೂ ಅಲ್ಲೇ. ಮೆತ್ತನೆ ಪದರ ಬೇಗ ಸವೆದು, ಮೇಲಿನ ಗಟ್ಟಿ ಕಲ್ಲು ಚಾಚಿಕೊಂಡು ನಿಲ್ಲುತ್ತದೆ. ಒಂದಲ್ಲ ಒಂದು ದಿನ ಅದು ಕಳಚುತ್ತದೆ.

ಅದಕ್ಕೇ ನೀರಿನ ಧಾರೆಗೆ ತಲೆಯೊಡ್ಡಬೇಡಿ. 10 ಮೀಟರ್ ಮೇಲಿಂದ ಬೀಳುವ ಮುಷ್ಟಿಗಾತ್ರದ ಕಲ್ಲು ತಲೆಗೆ ತಾಗುವಾಗ ಅದರ ವೇಗ ಗಂಟೆಗೆ 50 ಕಿ.ಮೀ. ನಿಂತ ಜಾಗದಲ್ಲಿ ಮಳೆ ಇಲ್ಲವೆಂಬ ಧೈರ್ಯವೂ ಬೇಡ. ಗುಡ್ಡದ ನೆತ್ತಿಯಲ್ಲಿ 10 ಹೆಕ್ಟೇರ್ ಜಾಗದ ಮೇಲೆ ಗಂಟೆಯಲ್ಲಿ 50 ಮಿ.ಮೀ. ಸುರಿದರೆ 50 ಲಕ್ಷ ಲೀಟರ್ ಆಯಿತು. ಮೇಲ್ಮಣ್ಣು ತೆಳು, ಹೆಚ್ಚಿನದು ಇಂಗದೆ ಕೆಳಗೆ ಬರುತ್ತದೆ. ನೀರಿನ ಬಣ್ಣ ಕದಡಿತು, ಎಲೆ ಕಡ್ಡಿ ತೇಲಿ ಬಂತು, ಸದ್ದು ದಪ್ಪವಾಯಿತು ಎಂದರೆ ಚಪ್ಪಲಿ ಹುಡುಕುತ್ತಾ ನಿಲ್ಲದೆ ಪಕ್ಕದ ದಿಣ್ಣೆಗೆ ಹತ್ತಿ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿಯ ಝರಿಯಲ್ಲಿ ಮಕ್ಕಳೂ ಸೇರಿ ಐವರು ಕೊಚ್ಚಿಹೋದ ನೆನಪು ಇನ್ನೂ ಹಸಿಯಾಗಿದೆ. ಆ ಮಕ್ಕಳನ್ನು ನೆನೆದರೆ ಈಗಲೂ ಹೊಟ್ಟೆ ಸಂಕಟವಾಗುತ್ತದೆ.

ಇನ್ನು ಮೋರಿ. ಬಿದ್ದ ನೀರು ಗುಡ್ಡದ ಕಡೆಯ ಗುಂಡಿಯಲ್ಲಿ ಕೂಡಿ, ರಸ್ತೆಯಡಿಯ ಮೋರಿಯಿಂದ ಕಣಿವೆಗೆ ಇಳಿಯಬೇಕು. ಮೋರಿ ಬಾಯಿಗೆ ಒಂದು ಪ್ಲಾಸ್ಟಿಕ್ ಬಾಟಲಿ ಅಡ್ಡ ಸಿಕ್ಕಿಕೊಂಡರೆ ಸಾಕು. ಅದಕ್ಕೆ ಚಿಪ್ಸ್ ಪೊಟ್ಟಣ, ಪೊಟ್ಟಣಕ್ಕೆ ಎಲೆ, ಎಲೆಗೆ ಕೆಸರು; ಅಲ್ಲಿಗೆ ಬಾಯಿ ಕಟ್ಟಿತು. ನೀರು ರಸ್ತೆ ಮೇಲೆ ಹರಿದು ಡಾಂಬರಿನ ಬಿರುಕಿಗೆ ಇಳಿಯುತ್ತದೆ, ಅಡಿಯ ಜಲ್ಲಿ ಸಡಿಲಾಗುತ್ತದೆ, ಕಣಿವೆ ಕಡೆಯ ಅಂಚು ಮೊದಲು ಕುಸಿಯುತ್ತದೆ. ಹುಬ್ಬಳ್ಳಿ, ಬೆಂಗಳೂರಿನ ಬಸ್ಸುಗಳೂ ಏರುವ ಘಾಟಿ ಇದು. ಪ್ಲಾಸ್ಟಿಕ್ ಎಸೆಯುವುದು ಬರಿಯ ಕೊಳಕು ಅಭ್ಯಾಸವೆಂದುಕೊಂಡವರು ಆ ಅಂಚನ್ನು ನೋಡಬೇಕು.

ಸಂಘದವರಲ್ಲಿ ಕೋರಿಕೆ: ಎಕ್ಸ್‌ಪ್ರೆಸ್‌ವೇಯಲ್ಲಿ ನಿಲ್ಲಿಸುವಂತಿಲ್ಲ, ಹಳೆಯ ರಸ್ತೆಯಲ್ಲೂ ತಿರುವಿನಲ್ಲಿ ಬೇಡ. ಹೊರಡುವ ಮುನ್ನ ಆ ದಿನದ ನಿಷೇಧಾಜ್ಞೆ ವಿಚಾರಿಸಿ. ಒಂದು ಬಸ್ಸಿಗೆ ಎರಡು ಗೋಣಿಚೀಲ ಇಟ್ಟುಕೊಳ್ಳಿ, ತಂದ ಬಾಟಲಿಗಳನ್ನು ಎಣಿಸಿ ತಿರುಗಿ ಒಯ್ಯಿರಿ. ಕಟ್ಟಿದ ಮೋರಿ ಕಂಡರೆ ಕೈಹಾಕಬೇಡಿ, ಬಾಯಿ ತೆರೆದ ಕ್ಷಣ ಸೆಳೆತ ಜೋರಿರುತ್ತದೆ; ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದುಕೊಂಡು ಪೊಲೀಸರಿಗೆ ತಿಳಿಸಿ.

ಜುಲೈನ ನೂಕುನುಗ್ಗಲಿಗಿಂತ ಸೆಪ್ಟೆಂಬರ್ ಕೊನೆ ಒಳ್ಳೆಯದು. ಧಾರೆ ತೆಳುವಾಗಿರುತ್ತದೆ, ಗುಡ್ಡದ ಮೇಲೆ ಹಳದಿ ಸೋನಕಿ ಹೂ ಬಿಟ್ಟಿರುತ್ತದೆ, ಕೆಂಪು ಪಟ್ಟಿ ಆಗಲೇ ಚೆನ್ನಾಗಿ ಕಾಣುವುದು.

– ಪುಣೆಯ ಕೆಲವು ಕನ್ನಡಿಗ ಚಾರಣಿಗರು